ಅನಾಥಾಲಯ ಕಟ್ಟೋ ಮುಂಚೆ ಅಜ್ಜಿ ಮನೆ ಮಾಳಿಗೆ ನೋಡೋಣ

ಪ್ರತಿ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಥರದ ಪೋಸ್ಟರ್‌ಗಳು ಓಡಾಡೋಕೆ ಶುರುವಾಗುತ್ತವೆ. ನೇಪಾಳ, ಕಾಂಬೋಡಿಯಾ, ಕೀನ್ಯಾ ಹೀಗೆ ದೇಶದ ಹೆಸರು ಬದಲಾಗುತ್ತೆ, ಒಳಗಿನ ವಿಷಯ ಬದಲಾಗಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೇಕು, ಹನ್ನೆರಡು ದಿನದ ಕೆಲಸ, ಅನಾಥ ಮಕ್ಕಳಿಗೆ ಮನೆ ಕಟ್ಟಬೇಕು, ಕೊನೆಗೆ ಸರ್ಟಿಫಿಕೇಟ್ ಸಿಗುತ್ತೆ. ಮಧ್ಯದಲ್ಲಿ ಹಳದಿ ಹೆಲ್ಮೆಟ್ ಹಾಕಿದ ಒಬ್ಬ ಹುಡುಗ, ಅವನ ಹೆಗಲ ಮೇಲೆ ನಗ್ತಿರೋ ಮಗು. ನೋಡಿದವರಿಗೆ ಹೋಗಬೇಕು ಅನ್ನಿಸುತ್ತೆ. ಹಾಗೆ ಅನ್ನಿಸೋದರಲ್ಲಿ ತಪ್ಪೇನಿಲ್ಲ. ನಮ್ಮ ವಯಸ್ಸಿನಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬೇಕು ಅನ್ನಿಸದೇ ಇದ್ದರೆ ಇನ್ಯಾವಾಗ ಅನ್ನಿಸಬೇಕು?

ಹೋಗಲೇಬೇಡಿ ಅಂತ ನಾನು ಹೇಳೋಕೆ ಹೊರಟಿಲ್ಲ. ನನ್ನ ಮಾತು ಇಷ್ಟು: ತಂದೆ ತಾಯಿ ಇಲ್ಲದ ಮಗುವಿಗೆ ಕಟ್ಟಡಕ್ಕಿಂತ ಮೊದಲು ಬೇಕಾಗಿರೋದು ತನ್ನವರು ಅನ್ನೋ ಒಂದು ಕುಟುಂಬ. ಆ ಕುಟುಂಬದ ತಲೆ ಮೇಲಿನ ಸೂರು ಗಟ್ಟಿಯಾಗಿದ್ದರೆ ಎಷ್ಟೋ ಮಕ್ಕಳು ಅನಾಥಾಲಯದ ಬಾಗಿಲಿಗೆ ಹೋಗೋದೇ ಇಲ್ಲ. ಸೂರು ಗಟ್ಟಿ ಮಾಡೋದು ನಮ್ಮ ಓದಿನ ಕೆಲಸ. ಆ ಕೆಲಸ ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತಮುತ್ತ ಬೇಕಾದಷ್ಟಿದೆ. ಅದಕ್ಕೆ ಪೋಸ್ಟರ್ ಮಾತ್ರ ಇಲ್ಲ.

ಹನ್ನೆರಡು ದಿನದ ಲೆಕ್ಕ

ಭಾವನೆಯನ್ನ ಸ್ವಲ್ಪ ಪಕ್ಕಕ್ಕಿಟ್ಟು ಮೊದಲು ನಮ್ಮ ಪುಸ್ತಕದ ಲೆಕ್ಕವನ್ನೇ ಮಾಡೋಣ. ಒಂದು ಸಾಧಾರಣ ಆರ್‌ಸಿಸಿ ಮನೆ ಅಂದರೆ ಪಾಯ ತೋಡಬೇಕು, ಪ್ಲಿಂತ್ ಹಾಕಬೇಕು, ಗೋಡೆ ಎತ್ತಬೇಕು, ಲಿಂಟಲ್ ಕೂರಿಸಬೇಕು, ಸೆಂಟ್ರಿಂಗ್ ಹೊಡೆದು ಸ್ಲ್ಯಾಬ್ ಹಾಕಬೇಕು. ಐಎಸ್ 456:2000 ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರು ಹೊಡೀಬೇಕು, ಒಣ ಬಿಸಿಲಿನ ಹವೆಯಾದರೆ 10 ದಿನ. 4.5 ಮೀಟರ್‌ವರೆಗಿನ ಸ್ಲ್ಯಾಬಿನ ಕೆಳಗಿನ ಪ್ರಾಪ್ ತೆಗೆಯೋಕೆ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ಕಾಯಬೇಕು. ಲ್ಯಾಬಿನಲ್ಲಿ ನಾವು ಒಡೆಯೋ ಕ್ಯೂಬ್ ಪೂರ್ತಿ ಲೆಕ್ಕ ಕೊಡೋದು 28ನೇ ದಿನಕ್ಕೆ. ಹನ್ನೆರಡು ದಿನದಲ್ಲಿ ಮನೆ ಮುಗಿಯಲ್ಲ ಅಂತ ಹೇಳೋಕೆ ದೊಡ್ಡ ಹೋರಾಟಗಾರ ಆಗಬೇಕಿಲ್ಲ, ಕಾಂಕ್ರೀಟ್ ಟೆಕ್ನಾಲಜಿ ಪಾಸಾಗಿದ್ದರೆ ಸಾಕು.

ಹಾಗಾದರೆ ಆ ಮನೆಗಳನ್ನ ಕಟ್ಟೋರು ಯಾರು? ಆ ಊರಿನ ಗೌಂಡಿಗಳೇ. ನಾವು ಹೋಗೋ ಮುಂಚೆ ಪಾಯ ಅವರೇ ಹಾಕಿರ್ತಾರೆ, ನಾವು ಬಂದ ಮೇಲೆ ಸ್ಲ್ಯಾಬಿಗೆ ನೀರು ಅವರೇ ಹೊಡೀತಾರೆ. ಮಧ್ಯದಲ್ಲಿ ನಾವು ನಾಲ್ಕು ಸಾಲು ಇಟ್ಟಿಗೆ ಇಟ್ಟಿರ್ತೀವಿ. ಅದನ್ನೂ ಸರಿ ಮಾಡೋಕೆ ಅವರು ಸಂಜೆ ಹೆಚ್ಚಿಗೆ ಕೆಲಸ ಮಾಡಬೇಕಾಗಬಹುದು. ನಿಮ್ಮಪ್ಪ ಹೊಸಪೇಟೆಯಲ್ಲಿ ಸ್ವಂತ ಮನೆ ಕಟ್ಟಿಸ್ತಾ ಇದ್ದರೆ ನಿಮ್ಮ ಕೈಗೆ ಕರಣೆ ಕೊಡ್ತಾರಾ? ನಮ್ಮ ಮನೆ ಗೋಡೆಗೆ ಬೇಡವಾದ ಕೈ ಅನಾಥ ಮಕ್ಕಳ ಮನೆ ಗೋಡೆಗೆ ಹೇಗೆ ಆಗುತ್ತೆ?

ದುಡ್ಡಿನ ಲೆಕ್ಕವನ್ನೂ ನೋಡಿಬಿಡೋಣ. ವಿಮಾನ, ವೀಸಾ, ಊಟ, ವಸತಿ, ಆಯೋಜಕರ ಶುಲ್ಕ ಎಲ್ಲ ಸೇರಿ ಒಬ್ಬರಿಗೆ ಒಂದೂವರೆ ಲಕ್ಷ ಅಂತ ಇಟ್ಕೊಳ್ಳಿ. ಇಪ್ಪತ್ತು ಜನರ ತಂಡಕ್ಕೆ 30 ಲಕ್ಷ. ಪಿಎಂ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಒಂದು ಮನೆಗೆ ನಿಗದಿ ಮಾಡಿರೋ ಸಹಾಯಧನ 1.2 ಲಕ್ಷ. ಅಂದರೆ ನಮ್ಮ ಪ್ರಯಾಣದ ಖರ್ಚು 25 ಮನೆಗಳ ಸಹಾಯಧನಕ್ಕೆ ಸಮ. ಕಲಿಯೋಕೆ ಹೋಗ್ತೀವಿ ಅನ್ನೋದಾದರೆ ಖಂಡಿತ ಹೋಗಿ, ಅದನ್ನ ಸ್ಟಡಿ ಟೂರ್ ಅಂತಲೇ ಕರೀರಿ. ಸೇವೆ ಅಂತ ಹೆಸರಿಟ್ಟರೆ ಮಾತ್ರ ಈ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತೆ.

ಅನಾಥಾಲಯದಲ್ಲಿರೋರೆಲ್ಲ ಅನಾಥರಾ?

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿರೋ ಐದರಲ್ಲಿ ನಾಲ್ಕು ಮಕ್ಕಳಿಗೆ ತಂದೆ ಅಥವಾ ತಾಯಿ, ಇಲ್ಲವೇ ಇಬ್ಬರೂ ಬದುಕಿದ್ದಾರೆ. ಮಕ್ಕಳು ಅಲ್ಲಿಗೆ ಬರೋದು ಹೆಚ್ಚಾಗಿ ಬಡತನದಿಂದ. ಮನೆಯಲ್ಲಿ ಊಟ, ಶಾಲೆ, ಮಲಗೋಕೆ ಜಾಗ ಇಲ್ಲ ಅಂತ ತಾಯಿಯೇ ಕಳಿಸಿರ್ತಾಳೆ.

ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಇಂಥ ಸಂಸ್ಥೆಗಳ ಸಂಖ್ಯೆ 75% ಹೆಚ್ಚಾಯ್ತು. ಆ ಐದು ವರ್ಷದಲ್ಲಿ ಅನಾಥರು ಅಷ್ಟು ಹೆಚ್ಚಾದರು ಅಂತ ಅದಕ್ಕೆ ಅರ್ಥ ಅಲ್ಲ. ಪ್ರವಾಸಿಗಳು ಹೆಚ್ಚಾದರು, ದೇಣಿಗೆ ಕೊಡೋರು ಹೆಚ್ಚಾದರು, ತೋರಿಸೋಕೆ ಮಕ್ಕಳು ಬೇಕಾದರು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ, ಲಾಭಕ್ಕಾಗಿ ಮಕ್ಕಳನ್ನ ಅನಾಥಾಲಯಕ್ಕೆ ಸಾಗಿಸೋದನ್ನೂ ಗುಲಾಮಗಿರಿಯ ಒಂದು ರೂಪ ಅಂತ ಪರಿಗಣಿಸಿತು. ಎಲ್ಲ ಅನಾಥಾಲಯಗಳೂ ಹೀಗೇ ಅಂತ ಹೇಳೋದು ಅನ್ಯಾಯ. ನಿಜವಾಗಿ ಯಾರೂ ಇಲ್ಲದ ಮಕ್ಕಳನ್ನ ಪ್ರೀತಿಯಿಂದ ಸಾಕೋ ಜಾಗಗಳಿವೆ. ಆದರೆ ಪೋಸ್ಟರ್ ನೋಡಿ ಯಾವುದು ಎಂಥದ್ದು ಅಂತ ಗೊತ್ತಾಗಲ್ಲ. ಇನ್ನೊಂದು ಮಾತು: ಒಂದು ಹೊಸ ಡಾರ್ಮಿಟರಿ ಕಟ್ಟಿದ ಮೇಲೆ ಅದು ಖಾಲಿ ಇರೋಕಾಗಲ್ಲ. 50 ಮಂಚ ಹಾಕಿದರೆ 50 ಮಕ್ಕಳನ್ನ ಎಲ್ಲಿಂದಲಾದರೂ ತುಂಬಿಸಬೇಕು.

ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿ, ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆ, ಎರಡೂ ಹೇಳೋದು ಒಂದೇ. ಮಗು ಕುಟುಂಬದಲ್ಲಿ ಬೆಳೀಬೇಕು. ಅಪ್ಪ ಅಮ್ಮ ಇಲ್ಲದಿದ್ದರೆ ಅಜ್ಜಿ, ಚಿಕ್ಕಪ್ಪ, ಸೋದರಮಾವ. ಅದೂ ಆಗದಿದ್ದರೆ ದತ್ತು ಅಥವಾ ಸಾಕು ಕುಟುಂಬ. ಸಂಸ್ಥೆ ಅನ್ನೋದು ಎಲ್ಲಕ್ಕಿಂತ ಕೊನೇ ದಾರಿ. ನಮ್ಮ ಪೋಸ್ಟರ್‌ಗಳು ಆ ಕೊನೇ ದಾರಿಯನ್ನೇ ಮೊದಲನೇದು ಅಂತ ತೋರಿಸ್ತಿವೆ.

ಚೆನ್ನಾಗಿ ಮಾಡಿದವರೂ ಇದ್ದಾರೆ

ವಿದ್ಯಾರ್ಥಿಗಳು ಪರದೇಶದಲ್ಲಿ ಕಟ್ಟಿದ್ದೆಲ್ಲ ಹಾಳು ಅಂತ ತಿಳ್ಕೋಬೇಡಿ. ಥಾಯ್ಲೆಂಡ್-ಬರ್ಮಾ ಗಡಿಯಲ್ಲಿ ನೋ ಬೋ ಅಂತ ಒಂದು ಹಳ್ಳಿ ಇದೆ. ಬರ್ಮಾದ ಯುದ್ಧದಿಂದ ಓಡಿ ಬಂದ ಕರೆನ್ ಜನ ಅಲ್ಲಿದ್ದಾರೆ. ನಾರ್ವೆಯ ಟ್ರೋಂಡ್‌ಹೈಮ್ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಒಂದು ತಂಡ 2008-09ರಲ್ಲಿ ಅಲ್ಲಿನ ಅನಾಥ ಮಕ್ಕಳಿಗೆ ಮಲಗೋಕೆ ಆರು ಸಣ್ಣ ಮನೆ ಕಟ್ಟಿತು. ಆ ತಂಡದ ಹೆಸರು ಟಿನ್. ಅವರು ವಾರಗಟ್ಟಲೆ ಅಲ್ಲ, ತಿಂಗಳುಗಟ್ಟಲೆ ಅಲ್ಲೇ ಇದ್ದರು. ಗೋಡೆಗೆ ಅಲ್ಲಿನ ಜನ ತಮ್ಮ ಮನೆಗೆ ಹೆಣೆಯೋ ಬಿದಿರಿನ ಹೆಣಿಗೆಯನ್ನೇ ಬಳಸಿದರು. ಕೆಳಗಿನ ತೇವ ಕಟ್ಟಿಗೆಗೆ ಹತ್ತಬಾರದು ಅಂತ ಹಳೇ ಟೈರ್‌ಗಳಲ್ಲಿ ಕಾಂಕ್ರೀಟ್ ತುಂಬಿ ಪಾಯ ಮಾಡಿದರು. ಛಾವಣಿಗೆ ಗಾಳಿ ಆಡೋ ಹಾಗೆ, ಮಳೆನೀರು ಹಿಡಿಯೋ ಹಾಗೆ ಚಿಟ್ಟೆಯ ರೆಕ್ಕೆಯಂಥ ಆಕಾರ ಕೊಟ್ಟರು. ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ತುಂಬದೆ ಸಣ್ಣ ಸಣ್ಣ ಮನೆ ಮಾಡಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಮಗುವಿಗೆ ಇದು ನನ್ನ ಜಾಗ ಅನ್ನಿಸಬೇಕು ಅಂತ ಅವರು ಯೋಚಿಸಿದ್ದರು.

ಅಮೆರಿಕದ ಅಲಬಾಮಾದಲ್ಲಿ ಆಬರ್ನ್ ವಿಶ್ವವಿದ್ಯಾಲಯದವರು 1993ರಲ್ಲಿ ರೂರಲ್ ಸ್ಟುಡಿಯೋ ಶುರು ಮಾಡಿದರು. ಅವರ ವಿದ್ಯಾರ್ಥಿಗಳು ತಮ್ಮದೇ ರಾಜ್ಯದ ಬಡ ಸೀಮೆಯಲ್ಲಿ, ಹೇಲ್ ಕೌಂಟಿ ಸುತ್ತ, ಮೂವತ್ತು ವರ್ಷದಿಂದ ಮನೆ ಕಟ್ಟುತ್ತಾ ಬಂದಿದ್ದಾರೆ. ಒಂದು ಬ್ಯಾಚ್ ಕಟ್ಟಿದ್ದು ಸೋರಿದರೆ ಮುಂದಿನ ಬ್ಯಾಚಿಗೆ ಗೊತ್ತಾಗುತ್ತೆ. ಕೆನಡಾದ ಎಂಜಿನಿಯರ್ಸ್ ವಿತೌಟ್ ಬಾರ್ಡರ್ಸ್ 2008ರಿಂದ ಸುಮಾರು ವರ್ಷ ತನ್ನ ವೈಫಲ್ಯಗಳದ್ದೇ ಒಂದು ವರದಿ ಅಚ್ಚು ಹಾಕಿಸಿತು. ಎಲ್ಲಿ ಎಡವಿದೆವು ಅಂತ ದೇಣಿಗೆ ಕೊಟ್ಟವರಿಗೇ ಹೇಳೋಕೆ ಧೈರ್ಯ ಬೇಕು.

ನಮ್ಮ ನಾಡಿನಲ್ಲೂ ಇದೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಕೇಂದ್ರ ಶುರು ಮಾಡಿದರು. ತುಮಕೂರು ಜಿಲ್ಲೆಯ ಉಂಗ್ರ ಹಳ್ಳಿಯಲ್ಲಿ ಅವರ ವಿಸ್ತರಣಾ ಕೇಂದ್ರ ಇತ್ತು. ಅಸ್ತ್ರ ಒಲೆ ಅಲ್ಲಿಂದ ಬಂತು. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡೋ ಮಣ್ಣಿನ ಬ್ಲಾಕ್ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿದರು. ಅದನ್ನ ಸುಡೋದು ಬೇಡ, ದೂರದಿಂದ ತರೋದೂ ಬೇಡ.

ಈ ನಾಲ್ವರಿಗೂ ಸಾಮಾನ್ಯವಾಗಿರೋದು ಒಂದೇ ಗುಣ: ಕೆಲಸದ ಜಾಗದಲ್ಲಿ ನಿಂತರು, ಅಥವಾ ಮತ್ತೆ ಮತ್ತೆ ಅಲ್ಲಿಗೇ ಹೋಗಿ ತಮ್ಮ ಕೆಲಸವನ್ನ ತಾವೇ ಪರೀಕ್ಷೆ ಮಾಡಿದರು.

ನಾವು ಕಟ್ಟಿಸಿಕೊಂಡ ಊರಿನವರು

ಹೊರಗಿನವರು ಬಂದು ಕಟ್ಟೋದು ಅಂದರೆ ಏನು ಅಂತ ಹೊಸಪೇಟೆ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಡ್ಯಾಂ ಸುಮಾರು 90 ಹಳ್ಳಿಗಳನ್ನ ಮುಳುಗಿಸಿತು. ಅದರಿಂದ ಲಕ್ಷಾಂತರ ಎಕರೆಗೆ ನೀರು ಬಂತು, ಅದು ಸುಳ್ಳಲ್ಲ. ಆದರೆ ಊರು ಬಿಟ್ಟವರಿಗೆ ಮನೆ ಅನ್ನೋದು ಬರೀ ಗೋಡೆ ಅಲ್ಲ ಅಂತ ಆಗಲೇ ಗೊತ್ತಾಗಿತ್ತು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಪ್ರವಾಹದ ನಂತರ ಉತ್ತರ ಕರ್ನಾಟಕದಲ್ಲಿ 'ಆಸರೆ' ಯೋಜನೆ ಬಂತು. ಸರ್ಕಾರ ಜಾಗ ಕೊಟ್ಟಿತು, ಕಂಪನಿಗಳು, ಮಠಗಳು, ಟ್ರಸ್ಟ್‌ಗಳು ಮನೆ ಕಟ್ಟಿಸಿಕೊಟ್ಟವು. ಉದ್ದೇಶ ದೊಡ್ಡದು. ಆದರೂ ಹಲವು ಕಡೆ ಆ ಮನೆಗಳು ಖಾಲಿ ಬಿದ್ದು ಜಾಲಿ ಬೆಳೆದಿದ್ದನ್ನ ಪತ್ರಿಕೆಗಳು ವರ್ಷಗಟ್ಟಲೆ ಬರೆದವು. ಹೊಲ ದೂರ, ದನ ಕಟ್ಟೋಕೆ ಜಾಗ ಇಲ್ಲ, ನೀರಿಲ್ಲ. ಕಟ್ಟಿದವರು ಮನೆಯ ಪ್ಲಾನ್ ನೋಡಿದ್ದರು, ರೈತನ ದಿನಚರಿ ನೋಡಿರಲಿಲ್ಲ.

2011ರ ಜುಲೈ 29ರಂದು ಹಂಪಿ ಬಜಾರ್ ತೆರವಾಯ್ತು. ವಿರೂಪಾಕ್ಷ ಗುಡಿ ಮುಂದಿನ ಸಾಲುಮಂಟಪಗಳಲ್ಲಿ, ಅದರ ಸುತ್ತ ಬದುಕು ಕಟ್ಟಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಡಬೇಕಾಯ್ತು. ಅವರಿಗೆ ಕಡ್ಡಿರಾಂಪುರದ ಹತ್ತಿರ ಸೈಟು ಅಂತಾಯ್ತು. ಸ್ಮಾರಕ ಉಳೀಬೇಕು ಅನ್ನೋದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮನೆ ಬಾಗಿಲಲ್ಲೇ ತೆಂಗಿನಕಾಯಿ, ಹೂವು ಮಾರಿ ಬದುಕೋರಿಗೆ ಕೆಲವು ಕಿಲೋಮೀಟರ್ ಆಚೆ ಸೈಟು ಕೊಟ್ಟರೆ ಕೊಟ್ಟಿದ್ದು ಅರ್ಧ ಮಾತ್ರ.

ಎಂಜಿನಿಯರ್‌ಗಳ ಪಾಠ ಇನ್ನೂ ಎರಡಿವೆ. ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯಿಂದಾಗಿ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿತು, 2006ರಲ್ಲಿ ಹೊರಗೆ ಬಂತು. 2009ರ ಜನವರಿಯಲ್ಲಿ ಅದೇ ಸೇತುವೆ ಕಟ್ಟುವಾಗಲೇ ಕುಸಿದು ಕೂಲಿ ಕಾರ್ಮಿಕರು ಸತ್ತರು. ಇನ್ನೊಂದು ನಮ್ಮ ಕಣ್ಣಮುಂದೆಯೇ ಆಗಿದ್ದು. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 33 ಗೇಟುಗಳಲ್ಲಿ 19ನೇದರ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಹತ್ತಾರು ಟಿಎಂಸಿ ನೀರು ನದಿ ಪಾಲಾಯ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಎಪ್ಪತ್ತು ವರ್ಷದ ಹಿಂದೆ ಕಟ್ಟಿದವರನ್ನ ನಾವು ಹೊಗಳ್ತೀವಿ. ಅದು ಇಷ್ಟು ದಿನ ನಿಂತಿದ್ದು ಪ್ರತಿ ವರ್ಷ ಗ್ರೀಸ್ ಹಚ್ಚಿದವರಿಂದ, ಬೋಲ್ಟ್ ಬಿಗಿ ಮಾಡಿದವರಿಂದ. ಅವರ ಫೋಟೋ ಎಲ್ಲೂ ಇಲ್ಲ.

ನಮ್ಮ ಮಕ್ಕಳು ಎಲ್ಲಿದ್ದಾರೆ

ಕೋವಿಡ್ ಎರಡನೇ ಅಲೆಯಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ 'ಮುಖ್ಯಮಂತ್ರಿ ಬಾಲ ಸೇವಾ ಯೋಜನೆ' ತಂದು ತಿಂಗಳಿಗೆ ₹3,500 ಘೋಷಿಸಿತು. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ, ಸಂಬಂಧಿಕರ ಮನೆಯಲ್ಲಿ ಬೆಳೀತಿರೋ ಅನಾಥ ಮಕ್ಕಳಿಗೆ, ಕಷ್ಟದಲ್ಲಿರೋ ವಿಧವೆಯರ ಮಕ್ಕಳಿಗೆ ತಿಂಗಳಿಗೆ ₹4,000 ಪ್ರಾಯೋಜಕತ್ವ ಕೊಡೋ ಅವಕಾಶ ಇದೆ. ಎರಡರ ಹಿಂದಿನ ಯೋಚನೆ ಸರಿಯಾಗಿದೆ: ಮಗು ತನ್ನವರ ಹತ್ತಿರವೇ ಇರಲಿ, ಅವರಿಗೆ ಕೈ ಆಸರೆ ಕೊಡೋಣ.

ಇದರ ಜೊತೆಗೆ ಗುಳೆ ಹೋಗೋರ ಮಕ್ಕಳಿದ್ದಾರೆ. ಸಂಡೂರಿನ ಬೆಟ್ಟದ ತಪ್ಪಲಿನ ತಾಂಡಾಗಳಿಂದ, ಪಕ್ಕದ ತಾಲೂಕುಗಳಿಂದ ಕಬ್ಬು ಕಡಿಯೋಕೆ, ಕಟ್ಟಡ ಕೆಲಸಕ್ಕೆ ತಿಂಗಳುಗಟ್ಟಲೆ ದೂರ ಹೋಗ್ತಾರೆ. ಮಕ್ಕಳು ಅಜ್ಜಿ ಹತ್ತಿರ ಉಳೀತಾರೆ, ಇಲ್ಲವೇ ಹಾಸ್ಟೆಲ್ ಸೇರ್ತಾರೆ. ಇವರು ಅನಾಥರಲ್ಲ. ಆದರೆ ಮಳೆಗಾಲದ ರಾತ್ರಿ ಅವರ ತಲೆ ಮೇಲೆ ಇರೋದು ಅಜ್ಜಿ ಮನೆ ಮಾಳಿಗೆಯೇ.

ಆ ಮಾಳಿಗೆ ಬಗ್ಗೆ ಮಾತಾಡೋಣ, ಏಕೆಂದರೆ ನಮ್ಮ ಸಿಲಬಸ್‌ನಲ್ಲಿ ಅದಿಲ್ಲ. ಹಳೇ ಬಳ್ಳಾರಿ ಸೀಮೆ ಮನೆಗಳಲ್ಲಿ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಹಲಗೆ ಅಥವಾ ಕಡ್ಡಿ, ಅದರ ಮೇಲೆ ಮಣ್ಣು. ಮೇಲಿನ ಪದರಕ್ಕೆ ನೀರು ಇಳೀದ ಹಾಗೆ ಚೌಳು ಮಣ್ಣು. ಏಪ್ರಿಲ್ ಬಿಸಿಲಿಗೆ ಇದರ ಒಳಗೆ ತಂಪಾಗಿರುತ್ತೆ, ತಗಡಿನ ಶೆಡ್ ಇದರ ಹತ್ತಿರಕ್ಕೂ ಬರಲ್ಲ. ಆದರೆ ಇದಕ್ಕೆ ಪ್ರತಿ ವರ್ಷ ಮಳೆಗಾಲದ ಮುಂಚೆ ಆರೈಕೆ ಬೇಕು. ಮನೆಯಲ್ಲಿ ದುಡಿಯೋ ಗಂಡಸರು, ಹೆಂಗಸರು ಇಲ್ಲ ಅಂದಾಗ ಹಳೇದನ್ನ ಕೆರೆದು ತೆಗೆಯೋರಿಲ್ಲ. ಸೋರಿದ ಕಡೆ ಇನ್ನೆರಡು ಬುಟ್ಟಿ ಮಣ್ಣು ಸುರಿದು ಬಿಡ್ತಾರೆ. ಹತ್ತು ವರ್ಷ ಹೀಗೆ ಸುರಿದರೆ?

ಲೆಕ್ಕ ಹಾಕಿ. ಮಣ್ಣಿನ ದಪ್ಪ 300 ಮಿ.ಮೀ. ಆಯ್ತು ಅಂತ ಇಟ್ಕೊಳ್ಳಿ. ಒಂದು ಘನ ಮೀಟರ್ ಮಣ್ಣಿಗೆ ಸುಮಾರು 17 ಕಿಲೋನ್ಯೂಟನ್. ಒಂದು ಚದರ ಮೀಟರ್ ಛಾವಣಿ ಮೇಲೆ 5 ಕಿಲೋನ್ಯೂಟನ್‌ಗಿಂತ ಹೆಚ್ಚು, ಅಂದರೆ ಅರ್ಧ ಟನ್. ಮನೆಯ ಕೋಣೆಗಳ ನೆಲಕ್ಕೆ ನಾವು ಡಿಸೈನ್‌ನಲ್ಲಿ ಹಿಡಿಯೋ ಲೈವ್ ಲೋಡ್ 2 ಕಿಲೋನ್ಯೂಟನ್. 3 ಮೀಟರ್‌ಗೆ 4 ಮೀಟರ್ ಕೋಣೆ ಅಂದರೆ 12 ಚದರ ಮೀಟರ್, ಅದರ ಮೇಲೆ ಸುಮಾರು ಆರು ಟನ್ ಮಣ್ಣು. ಮಳೆ ನೆನೆದರೆ ಇನ್ನೂ ಹೆಚ್ಚು. ಇತ್ತ ಜಂತಿಯ ತುದಿ ಗೋಡೆಯೊಳಗೆ ಕೂತಿರೋ ಕಡೆ ತೇವಕ್ಕೆ ಒಳಗಿಂದಲೇ ಕೊಳೀತಾ ಇರುತ್ತೆ, ಹೊರಗಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತೆ. ಬೆಂಡಿಂಗ್‌ನಲ್ಲಿ ಅಲ್ಲ, ಬೇರಿಂಗ್ ಹತ್ತಿರ ಹೋಗುತ್ತೆ. ಮಳೆಗಾಲದಲ್ಲಿ ಮಾಳಿಗೆ ಕುಸಿದು ಮಲಗಿದ್ದವರು ಸತ್ತರು ಅನ್ನೋ ಸುದ್ದಿ ಉತ್ತರ ಕರ್ನಾಟಕದ ಪೇಪರ್‌ನಲ್ಲಿ ಓದದ ವರ್ಷ ಇಲ್ಲ.

ಇದನ್ನ ತಡೆಯೋಕೆ ಹೊಸ ಮನೆಯೇ ಬೇಕು ಅಂತಿಲ್ಲ. ಮಣ್ಣಿನ ದಪ್ಪ ಅಳೀಬೇಕು, ಹೆಚ್ಚಿನದನ್ನ ಇಳಿಸಬೇಕು, ಜಂತಿ ತುದಿಗಳನ್ನ ಒಂದೊಂದಾಗಿ ಬಡಿದು ಚುಚ್ಚಿ ನೋಡಬೇಕು, ಕೊಳೆತಿದ್ದನ್ನ ಬದಲಿಸಬೇಕು, ಇಳಿಜಾರು ಸರಿ ಮಾಡಿ ನೀರು ಹೋಗೋ ಕೊಳವೆ ಬಿಡಿಸಬೇಕು. ಮರಗೆಲಸದವರು, ಗೌಂಡಿ ಇದನ್ನ ಮಾಡ್ತಾರೆ. ಯಾವ ಮನೆ ಮೊದಲು, ಯಾವ ಜಂತಿ ಮೊದಲು ಅಂತ ಅಳತೆ ಹಿಡಿದು ಹೇಳೋರು ಬೇಕು. ಎರಡನೇ ವರ್ಷದ ಓದಿಗೆ ನಿಲುಕೋ ಕೆಲಸ ಇದು.

ಕಂಪ್ಲಿಯಲ್ಲಿ ಸಮಸ್ಯೆ ಬೇರೆ. ಡ್ಯಾಂನಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗುತ್ತೆ, ಕೋಟೆ ಭಾಗದ ಮನೆಗಳಿಗೆ ನೀರು ನುಗ್ಗುತ್ತೆ. ಅಲ್ಲಿ ಬೇಕಾಗಿರೋದು ಸರ್ವೇ: ಯಾವ ಮನೆಯ ಹೊಸ್ತಿಲು ಎಷ್ಟು ಎತ್ತರದಲ್ಲಿದೆ, ನದಿಗೆ ಎಷ್ಟು ನೀರು ಬಿಟ್ಟರೆ ಯಾರನ್ನ ಮೊದಲು ಎಬ್ಬಿಸಬೇಕು. ಆಟೋ ಲೆವೆಲ್ ನಮ್ಮ ಸರ್ವೇ ಲ್ಯಾಬಿನಲ್ಲೇ ಇದೆ.

ಮೂರು ಆಕ್ಷೇಪಣೆ

ಇದನ್ನ ಗೆಳೆಯರ ಹತ್ತಿರ ಹೇಳಿದಾಗ ಬಂದ ಮೊದಲ ಪ್ರಶ್ನೆ, 'ಮಗುವಿಗೂ ದೇಶದ ಗಡಿ ಹಾಕ್ತೀಯೇನೋ?' ಇಲ್ಲ. ನೇಪಾಳದ ಮಗು ನಮ್ಮ ಮಗುವಿಗಿಂತ ಕಡಿಮೆ ಅಲ್ಲ. ಆದರೆ ನೇಪಾಳದ ಅಜ್ಜಿ ಹತ್ತಿರ ಮನೆ ಎಲ್ಲಿ ಸೋರುತ್ತೆ ಅಂತ ಕೇಳೋಕೆ ನನಗೆ ಭಾಷೆ ಬರಲ್ಲ. ಇಲ್ಲಿ ಬರುತ್ತೆ. ನನ್ನ ಥರ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಪರ್ಲಿನ್, ಜಾಯಿಸ್ಟ್ ಗೊತ್ತು, ಜಂತಿ ಗೊತ್ತಿರಲ್ಲ. ಅದನ್ನ ಕಲಿಯೋಕೆ ಒಂದು ಮಧ್ಯಾಹ್ನ ಸಾಕು. 'ಬರ್ರಿ, ಇಲ್ಲಿ ನೋಡ್ರಿ, ಈ ಮೂಲ್ಯಾಗ ನೀರ್ ಇಳೀತದ' ಅಂತ ಅಜ್ಜಿಯೇ ತೋರಿಸ್ತಾಳೆ.

ಎರಡನೇದು, 'ಇಲ್ಲಿ ಸರ್ಕಾರ ಇದೆ, ಅದೇ ಮಾಡಲಿ.' ಸರ್ಕಾರ ಮಾಡಲೇಬೇಕು. ದುಡ್ಡೂ ಇದೆ. ಗಣಿಗಾರಿಕೆಯಿಂದ ತೊಂದರೆಯಾದ ಊರುಗಳಿಗಾಗಿ 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ, ಸಂಡೂರು ಅದರ ವ್ಯಾಪ್ತಿಯಲ್ಲೇ ಇದೆ. ಆದರೆ ಯಾವ ಓಣಿಯ ಯಾವ ಮನೆ ಈ ಮಳೆಗಾಲ ತಡೆಯಲ್ಲ ಅಂತ ಅಳತೆ, ಸ್ಕೆಚ್, ಅಂದಾಜು ಪಟ್ಟಿ ಸಮೇತ ಪಿಡಿಒ ಮೇಜಿನ ಮೇಲೆ ಇಟ್ಟರೆ 'ನೋಡೋಣ' ಅನ್ನೋದು ಅವರಿಗೆ ಅಷ್ಟು ಸುಲಭ ಆಗಲ್ಲ.

ಮೂರನೇದು ಯಾರೂ ಬಾಯಿ ಬಿಟ್ಟು ಹೇಳಲ್ಲ: ಇದರಲ್ಲಿ ಮಜಾ ಇಲ್ಲ. ನಿಜ. ಕೊಳೆತ ಜಂತಿಯ ರೀಲ್ಸ್ ಯಾರೂ ನೋಡಲ್ಲ. ಆಕ್ಟಿವಿಟಿ ಪಾಯಿಂಟ್‌ಗೆ ಇದನ್ನ ಬಳಸಬಹುದು. ವಿಟಿಯು ಪದವಿಗೆ ಹೇಗೂ 100 ಪಾಯಿಂಟ್ ಬೇಕು, ಒಂದೇ ಗಿಡವನ್ನ ನಾಲ್ಕು ಬ್ಯಾಚ್ ನೆಟ್ಟು ಫೋಟೋ ತೆಗೆಸಿಕೊಳ್ಳೋದಕ್ಕಿಂತ ಇದು ಮೇಲು.

ಹಾಗಾದರೆ ಏನು ಮಾಡೋಣ

ವಿದೇಶಕ್ಕೆ ಹೋಗಲೇಬೇಕು ಅನ್ನೋರು ದುಡ್ಡು ಕಟ್ಟೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಆ ಮಕ್ಕಳಲ್ಲಿ ಎಷ್ಟು ಜನಕ್ಕೆ ಅಪ್ಪ ಅಥವಾ ಅಮ್ಮ ಇದ್ದಾರೆ, ಅವರನ್ನ ಮನೆಗೆ ಕಳಿಸೋ ಪ್ರಯತ್ನ ನಡೆದಿದೆಯಾ? ಸಂಸ್ಥೆ ಆ ದೇಶದ ಕಾನೂನಿನ ಪ್ರಕಾರ ನೋಂದಣಿ ಆಗಿದೆಯಾ? ಡ್ರಾಯಿಂಗ್‌ಗೆ ಸಹಿ ಹಾಕಿದ ಎಂಜಿನಿಯರ್ ಯಾರು? ಮೂರು ವರ್ಷದ ನಂತರ ಸೋರಿದರೆ ಯಾರಿಗೆ ಫೋನ್ ಮಾಡಬೇಕು? ನಾಲ್ಕಕ್ಕೂ ನೇರ ಉತ್ತರ ಸಿಕ್ಕರೆ ಧೈರ್ಯವಾಗಿ ಹೋಗಿ ಬನ್ನಿ.

ಇಲ್ಲೇ ಇರೋರಿಗೆ ನನ್ನ ಪ್ರಸ್ತಾಪ ಇದು. ನಮ್ಮ ಕನ್ನಡ ಸಂಘ ಮತ್ತು ಸಿವಿಲ್ ವಿಭಾಗ ಸೇರಿ ಒಂದು ಓಣಿ, ಒಂದು ಹಾಸ್ಟೆಲ್ ಆರಿಸಿಕೊಳ್ಳಲಿ. ಓಣಿಯಲ್ಲಿ ಸಂಬಂಧಿಕರ ಹತ್ತಿರ ಮಕ್ಕಳು ಬೆಳೀತಿರೋ ಮನೆಗಳಿಗೆ ಆದ್ಯತೆ. ಸಿವಿಲ್‌ನವರು ಮಾಳಿಗೆ, ಗೋಡೆ ನೋಡಲಿ. ಎಲೆಕ್ಟ್ರಿಕಲ್‌ನವರು ಅರ್ಥಿಂಗ್, ಕಿತ್ತುಹೋದ ವೈರು ನೋಡಲಿ, ತೇವದ ಗೋಡೆಗೆ ಕರೆಂಟ್ ಬರೋದು ಸೋರೋದಕ್ಕಿಂತ ಅಪಾಯ. ಕಂಪ್ಯೂಟರ್ ಸೈನ್ಸ್‌ನವರು ಎಲ್ಲವನ್ನೂ ಒಂದು ಪಟ್ಟಿ ಮಾಡಲಿ, ಆ್ಯಪ್ ಬೇಡ, ಪಂಚಾಯ್ತಿಯಲ್ಲಿ ತೆರೆಯೋಕೆ ಬರೋ ಎಕ್ಸೆಲ್ ಸಾಕು. ವರದಿಯನ್ನ ನಮ್ಮ ಮೇಷ್ಟ್ರು ತಿದ್ದಿ ಸಹಿ ಹಾಕಿದ ಮೇಲೇ ಹೊರಗೆ ಹೋಗಬೇಕು. ಎರಡನೇ ವರ್ಷದವರ ಮಾತಿನ ಮೇಲೆ ಯಾರ ಛಾವಣಿಗೂ ಕೈ ಹಾಕಬಾರದು.

ಮಕ್ಕಳ ಪಾಲನಾ ಸಂಸ್ಥೆಗೆ ಹೋಗೋದಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅನುಮತಿ ಬೇಕು. 2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಯಲ್ಲಿವೆ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ, ಹಾಗಾಗಿ ಎರಡು ಕಚೇರಿಗೆ ಅರ್ಜಿ. ಅಲ್ಲಿ ನಾವು ನೋಡಬೇಕಾದ್ದನ್ನ ಬಾಲನ್ಯಾಯ ನಿಯಮಗಳೇ ಹೇಳುತ್ತವೆ: ಮಲಗೋ ಕೋಣೆಯಲ್ಲಿ ಒಂದು ಮಗುವಿಗೆ 40 ಚದರ ಅಡಿ, ಏಳು ಮಕ್ಕಳಿಗೆ ಒಂದು ಶೌಚಾಲಯ. ಟೇಪು ಹಿಡಿದರೆ ಅರ್ಧ ದಿನದ ಕೆಲಸ. ಫೋಟೋ ಬೇಡ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಮಕ್ಕಳ ಗುರುತು ಬಯಲು ಮಾಡೋದನ್ನ ನಿಷೇಧಿಸುತ್ತೆ. ಹೆಗಲ ಮೇಲೆ ಮಗು ಕೂರಿಸಿಕೊಂಡ ಫೋಟೋ ಇಲ್ಲಿ ಸಿಗಲ್ಲ, ಮೊದಲೇ ಹೇಳಿಬಿಡ್ತೀನಿ.

ಕೊನೇದು ಮತ್ತು ಮುಖ್ಯವಾದದ್ದು: ಮುಂದಿನ ವರ್ಷ ಮತ್ತೆ ಅದೇ ಓಣಿಗೆ ಹೋಗಬೇಕು. ಹೋದ ವರ್ಷ ಬರೆದುಕೊಟ್ಟ ಪಟ್ಟಿಯಲ್ಲಿ ಎಷ್ಟು ರಿಪೇರಿ ಆಯ್ತು, ಎಷ್ಟು ಆಗಲಿಲ್ಲ, ನಮ್ಮ ಯಾವ ಅಂದಾಜು ತಪ್ಪಾಯ್ತು ಅಂತ ಇದೇ ಮ್ಯಾಗಜಿನ್‌ನಲ್ಲಿ ಬರೆಯಬೇಕು. ನಾವು ಪಾಸಾಗಿ ಹೋದ ಮೇಲೆ ಜೂನಿಯರ್‌ಗಳಿಗೆ ಆ ಪಟ್ಟಿ ಒಪ್ಪಿಸಬೇಕು.

ಮೇ ತಿಂಗಳಲ್ಲಿ, ಮಳೆ ಹಿಡಿಯೋ ಮುಂಚೆ, ಎರಡು ಭಾನುವಾರ ಕೊಟ್ಟರೆ ಒಂದು ಓಣಿ ಮುಗಿಯುತ್ತೆ. ಬೇಕಾಗಿರೋದು ಎರಡು ಟೇಪು, ಒಂದು ಸುತ್ತಿಗೆ, ಒಂದು ಟಾರ್ಚು, ಒಂದು ಏಣಿ. ಏಣಿ ನಾನು ತರ್ತೀನಿ. ಬರೋರು ಸಂಘದ ಕಾರ್ಯದರ್ಶಿ ಹತ್ತಿರ ಹೆಸರು ಕೊಡಿ.